ಪ್ರಾರ್ಥನೆ ಮುಗಿದ ಮೇಲಿನ ಹಾಡು

ತಾರೀಖು ೧೭, ಸೋಮವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಕಪ್ಪೆಮರಿಗೆ,

ಇವತ್ತು ನನ್ನ ಉಪವಾಸ. ಐದಕ್ಕೆ ಎದ್ದು ನೆಲ ಒರೆಸಿ, ನೀರು ತುಂಬಿಸಿ, ನೆನೆಹಾಕಿದ್ದ ಬಟ್ಟೆ ಹಿಂಡಿ ಹರವಿ, ದೇವರ ಮುಂದೆ ಕೂತು ಎದ್ದಿದ್ದಾಯಿತು. ಅಡುಗೆಯಿಲ್ಲದ ದಿನ ಬೆಳಗು ಎಷ್ಟು ಉದ್ದ ಗೊತ್ತಾ? ಒಲೆ ಹಚ್ಚದಿದ್ದರೆ ಈ ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಗೋಡೆಗೂ ತಿಳಿದುಬಿಡುತ್ತದೆ. ಲಾಂಡ್ರಿಯಲ್ಲಿ ನನಗಿವತ್ತು ಎರಡನೇ ಪಾಳಿ. ಹೊರಡಲು ಇನ್ನೂ ಹೊತ್ತಿದೆ. ಒಂದು ಲೋಟ ಸಕ್ಕರೆ ನೀರು ಪಕ್ಕಕ್ಕಿಟ್ಟುಕೊಂಡು ಬರೆಯಲು ಕೂತಿದ್ದೇನೆ.

ನಿನ್ನ ಪತ್ರ ಬಂದು ಆರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು ಅಂತ ಎಂದಿನ ಹಾಗೆ ಬರೆದುಬಿಡಬಹುದು. ಆದರೆ ಈ ಸಲ ತಡವಾದದ್ದು ಕೆಲಸದಿಂದಲ್ಲ. 'ಕ್ಯಾಸೆಟ್ ಹುಡುಕುತ್ತಿದ್ದೇನೆ, ಸಿಕ್ಕ ಕೂಡಲೇ ಕಳಿಸುತ್ತೇನೆ' ಅಂತ ನಡುವೆ ಒಂದು ಕಾರ್ಡು ಹಾಕಿದ್ದೆನಲ್ಲ, ಅದು ಸುಳ್ಳು. ಅದನ್ನು ಹುಡುಕುವ ಅಗತ್ಯವೇ ಇರಲಿಲ್ಲ. ಅದು ಎಲ್ಲಿದೆ ಅನ್ನುವುದು ನನಗೆ ಕಣ್ಣು ಕಟ್ಟಿದರೂ ಗೊತ್ತು.

ನಿನ್ನ ಅಣ್ಣನ ಗಂಟಲಿಗೆ ಆಪರೇಷನ್ ಆಯಿತು, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು, ಇನ್ನು ಅವರು ಮಾತಾಡುವುದೆಲ್ಲ ಸ್ಲೇಟಿನ ಮೇಲೆ ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ಓದಿ ಪತ್ರ ಮಡಿಸಿಟ್ಟು ಎದ್ದು ಹೋದೆ. ಎರಡು ದಿನ ಮುಂದಿನ ಸಾಲು ಓದಲಿಲ್ಲ. ಆಮೇಲೆ ಓದಿದೆ. ಅವರ ಮಗಳು ನಿನ್ನನ್ನು ಕೇಳಿದಳಂತೆ, "ಅತ್ತೆ, ಅಪ್ಪ ಹಾಡ್ತಿದ್ರಂತೆ, ಹೌದಾ? ಹೇಗಿತ್ತು ಅವರ ದನಿ?" ಇಪ್ಪತ್ತೆರಡು ವರ್ಷದ ಹುಡುಗಿ, ಅಪ್ಪ ಹಾಡಿದ್ದನ್ನು ಒಂದು ಸಲವೂ ಕೇಳಿಲ್ಲ. ನೀನು ಬರೆದಿದ್ದೆ: 'ನಮ್ಮಣ್ಣ ನಿನಗೆ ಕೊಟ್ಟಿದ್ದನಲ್ಲ ಆ ಕ್ಯಾಸೆಟ್, ನಿನ್ನ ಮದುವೆಯ ದಿನ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಕಂಡಿದ್ದೆ, ಕಂಡೂ ಕಾಣದವಳ ಹಾಗೆ ಮುಚ್ಚಳ ಹಾಕಿದ್ದೆ. ಅವನಿಗೇನೂ ಹೇಳಿಲ್ಲ. ತಂದು ಎದುರಿಗೇ ಹಾಕಿ ಬೆರಗು ಮಾಡೋಣ ಅಂತಿದ್ದೇನೆ. ಕೊಳದಲ್ಲಿ ನಾವಿದ್ದ ಆ ಕೊನೆಯ ಬೇಸಿಗೆ ಮುಗಿದ ಮೇಲೆ ಅವನು ಗಿಟಾರ್ ಮುಟ್ಟಿದವನೇ ಅಲ್ಲ, ಯಾಕೆ ಅಂತ ಇವತ್ತಿಗೂ ಬಾಯಿಬಿಟ್ಟಿಲ್ಲ.' ಇಷ್ಟು ಬರೆದು, ಕೆಳಗೆ ನಿನ್ನ ಚಾಳಿಯಂತೆ ಒಂದು ನಗುವ ಮುಖ ಬರೆದಿದ್ದೆ. ಆ ನಗುವ ಮುಖ ಇಷ್ಟು ದಿನ ನನ್ನನ್ನು ಬರೆಯಲು ಬಿಡಲಿಲ್ಲ.

ಇರಲಿ. ಹೋದ ವಾರ ಏನಾಯಿತು ಕೇಳು. ನನ್ನ ಕೆಲಸ ನಿನಗೆ ಗೊತ್ತಲ್ಲ, ಆಸ್ಪತ್ರೆಗಳ ಚಾದರಗಳು ಒಗೆದು ಬಂದ ಮೇಲೆ ಇಸ್ತ್ರಿಯ ಬಿಸಿ ಉರುಳೆಗೆ ಕೊಟ್ಟು, ಆಚೆ ಬದಿಯಲ್ಲಿ ಹಿಡಿದು ಮಡಿಸುವುದು. ಇಬ್ಬರು ಎದುರುಬದುರು ನಿಂತು ಮಡಿಸಬೇಕು. ನನ್ನ ಎದುರಿಗೆ ಈಗ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಅವಳ ಜೇಬಿನಲ್ಲಿ ಫೋನು ಸದಾ ಗುನುಗುತ್ತಿರುತ್ತದೆ. ಚಾದರದ ಎರಡು ತುದಿ ಹಿಡಿದು ಅವಳ ಕಡೆಗೆ ಹೆಜ್ಜೆ ಹಾಕುತ್ತಿದ್ದೇನೆ, ಅಷ್ಟರಲ್ಲಿ ಆ ಫೋನಿನಿಂದ ನಮ್ಮ 'ಸೈಕಲ್ ಹಾಡು' ಬಂತು ನೋಡು! ಕೈ ತಾನಾಗಿ ಬಿಟ್ಟುಕೊಂಡಿತು. ಒಗೆದು ಒಣಗಿಸಿದ ಚಾದರ ನೆಲದ ಪಾಲಾಯಿತು.

"ಯಾಕೆ ಆಂಟಿ, ತಲೆ ಸುತ್ತು ಬಂತಾ? ಉಪವಾಸ ಮಾಡ್ಬೇಡಿ ಅಂದ್ರೆ ಕೇಳಲ್ಲ ನೀವು."

"ಆ ಹಾಡು ಇನ್ನೊಂದ್ಸಲ ಹಾಕು."

"ಇದಾ? ಇದು ರಾಕ್ ಆಂಟಿ. ತುಂಬಾ ಹಳೇದು. ನಿಮ್ಗೆ ಹೇಗೆ ಗೊತ್ತು?"

"ಯಾಕೆ, ನಾನೇನು ಹುಟ್ಟುವಾಗಲೇ ಐವತ್ತು ವರ್ಷದವಳಾಗಿ ಹುಟ್ಟಿದ್ನಾ?"

ಅವಳು ನಕ್ಕು ಇನ್ನೊಮ್ಮೆ ಹಾಕಿದಳು. ಹಾಡಿನ ನಿಜವಾದ ಹೆಸರನ್ನೂ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಮಗೆ ಅದು ಸೈಕಲ್ ಹಾಡು, ಅಷ್ಟೇ.

ನಮಗೆ ಒಂದು ಹಾಡಿನ ಮಾತೂ ತಿಳಿಯುತ್ತಿರಲಿಲ್ಲ, ನೆನಪಿದೆಯಾ? ಹಳ್ಳಿ ಶಾಲೆಯಲ್ಲಿ ಕಲಿತ ನನಗೆ ಆ ಪರದೇಶದ ಭಾಷೆಯ ನಾಲ್ಕು ಅಕ್ಷರ ಓದಲು ಬರುತ್ತಿದ್ದದ್ದೇ ಹೆಚ್ಚು. ಅದಕ್ಕೇ ಎಲ್ಲದಕ್ಕೂ ನಾವೇ ಹೆಸರಿಟ್ಟೆವು. ಮೊದಲಲ್ಲಿ ಗಂಟೆ ಹೊಡೆದಂತಾಗುವುದು ಸೈಕಲ್ ಹಾಡು. ಹಾಡುಗಾರ ಕೂಗಿ ಕೂಗಿ ಕೊನೆಗೆ ಕೆಮ್ಮುವುದು ನೆಗಡಿ ಹಾಡು. ಹುಡುಗಿಯರೆಲ್ಲ ಸೇರಿ 'ಊ ಊ' ಅನ್ನುವುದು ಹಲ್ಲುನೋವಿನ ಹಾಡು. ಪಾಪ್ ಯಾವುದು ರಾಕ್ ಯಾವುದು ಅಂತ ನಾನು ಕೇಳಿದರೆ ನೀನು ದೊಡ್ಡ ಪಂಡಿತೆಯ ಹಾಗೆ, "ಡ್ರಮ್ಮಿಗೆ ಹೊಡೆದ್ರೆ ರಾಕು, ಹುಡುಗ ಅತ್ರೆ ಪಾಪು" ಅಂದಿದ್ದೆ. ನಾನು ಅದನ್ನೇ ನಂಬಿಕೊಂಡು ಮುದುಕಿಯಾದೆ.

ಮೂರು ಬೇಸಿಗೆ ಅಷ್ಟೇ, ಕಪ್ಪೆಮರಿ. ಲೆಕ್ಕ ಹಾಕಿದರೆ ಒಟ್ಟು ಎಂಟು ತಿಂಗಳೂ ಆಗುವುದಿಲ್ಲ. ರಜೆಗೆ ಚಿಕ್ಕಮ್ಮನ ಮನೆಗೆ ಬಂದವಳನ್ನು ಆ ಈಜುಕೊಳದ ಕೆಲಸಕ್ಕೆ ಸೇರಿಸಿದವಳು ನೀನೇ. ಬಟ್ಟೆ ಬದಲಿಸುವ ಕೋಣೆಯ ಹತ್ತಿರ ಒಂದು ಕುರ್ಚಿ, ಗೋಡೆಗೆ ಮೊಳೆ ಹೊಡೆದ ಹಲಗೆ, ಹಲಗೆಯ ತುಂಬ ಬೀಗದ ಕೈಗಳು. ಬಂದವರಿಗೆ ಒಂದೊಂದು ಕೀಲಿಕೈ ಕೊಡುವುದು, ಹೋಗುವಾಗ ಇಸಿದುಕೊಳ್ಳುವುದು. ನೀನು ಚಿಕ್ಕ ಮಕ್ಕಳಿಗೆ ನೀರಿನಲ್ಲಿ ಕಾಲು ಬಡಿಯಲು ಕಲಿಸುತ್ತಿದ್ದೆ. ಬಾಗಿಲ ಹತ್ತಿರದ ಗೂಡಿನಲ್ಲಿ ಟಿಕೆಟ್ ಹುಡುಗಿ, ಯಾವಾಗಲೂ ಮಡಿಲಲ್ಲೊಂದು ಪುಸ್ತಕ, ತಲೆ ಎತ್ತದೆ ಟಿಕೆಟ್ ಹರಿದುಕೊಡುವವಳು. ಮೇಲೆ ಮಹಡಿಯ ಕೋಣೆಯಲ್ಲಿ ನಿನ್ನ ಅಣ್ಣ. ಎರಡು ಧ್ವನಿವರ್ಧಕ, ಒಂದು ಟೇಪ್ ರೆಕಾರ್ಡರು, ಅವರ ಗಿಟಾರು. ನನಗೆ ಕೀಲಿಕೈ ಅಂತ ಹೆಸರಿಟ್ಟವರೂ ಅವರೇ, ನಿನಗೆ ಕಪ್ಪೆಮರಿ ಅಂತ ಇಟ್ಟವರೂ ಅವರೇ.

ಅಲ್ಲಿದ್ದವರೆಲ್ಲ ಅವರನ್ನು 'ಅಣ್ಣಾ' ಅಂತಲೇ ಕರೆಯುತ್ತಿದ್ದರು. ನಾನೊಬ್ಬಳು ಮಾತ್ರ 'ರೀ', 'ನೋಡಿ', 'ಇಲ್ಲಿ ಕೇಳಿ' ಅಂತಲೇ ಮೂರು ಬೇಸಿಗೆ ದೂಡಿದೆ. ನಿನಗದು ಅರ್ಥವಾಗಿತ್ತು, ಅದಕ್ಕೇ ಚುಚ್ಚುತ್ತಿದ್ದೆ. "ಒಂದ್ಸಲ ಅಣ್ಣ ಅನ್ನೇ, ನಾಲಿಗೆ ಸವೆದು ಹೋಗಲ್ಲ" ಅಂತ. ಆ ಒಂದು ಪದ ಮಾತ್ರ ನನ್ನ ಗಂಟಲಿನಿಂದ ಮೇಲೆ ಬರಲಿಲ್ಲ.

ಮಧ್ಯಾಹ್ನ ಎರಡಕ್ಕೆ ರೇಡಿಯೋದಲ್ಲಿ ಹಾಡು ಬರುವಾಗ ಟೇಪ್ ರೆಕಾರ್ಡರನ್ನು ರೇಡಿಯೋದ ಬಾಯಿಗೆ ಹಿಡಿದು ಅವರು ಮುದ್ರಿಸಿಕೊಳ್ಳುತ್ತಿದ್ದರು. ಉಸಿರು ಬಿಟ್ಟರೂ ಬೈಗುಳ. ಆದರೂ ಕೆಳಗೆ ಕೊಳದಲ್ಲಿ ಯಾರಾದರೂ ಧುಡುಮ್ಮನೆ ಹಾರುವುದು, ನೀನು 'ಹೊಟ್ಟೆ ಒಳಗೆ ಎಳ್ಕೋ, ಕಾಲು ಬಡಿ' ಅಂತ ಕಿರುಚುವುದು ಎಲ್ಲ ಒಳಗೆ ಸೇರಿಬಿಡುತ್ತಿತ್ತು. ಕ್ಯಾಸೆಟ್ಟಿನ ಎರಡನೇ ಬದಿ ಪೂರ್ತಿ ಅದೇ. ಸೈಕಲ್ ಹಾಡಿನ ನಡುವೆ ನಿನ್ನ ಕಿರುಚಾಟ ಈಗಲೂ ಇದೆ. ಹೊಸ ಹುಡುಗಿಯ ಫೋನಿನಲ್ಲಿ ಅದೇ ಹಾಡು ತೊಳೆದಿಟ್ಟ ಹಾಗೆ ಬಂತು, ಆದರೆ ಎಲ್ಲೋ ಕೊರತೆ ಅನ್ನಿಸಿತು. ಮನೆಗೆ ಬಂದ ಮೇಲೆ ಹೊಳೆಯಿತು, ನೀನಿರಲಿಲ್ಲ.

ಮೊದಲನೇ ಬದಿ ನಿನ್ನ ಅಣ್ಣನದು. ತಾವೇ ಕಟ್ಟಿ, ನಮ್ಮ ಭಾಷೆಯಲ್ಲೇ ಹಾಡಿದ ಹಾಡುಗಳು. ಈಗ ಹೇಳಲೇಬೇಕಾದ ಮಾತಿಗೆ ಬಂದೆ.

ಆ ಬದಿಯ ಮೇಲೆ ನಾನು ಪ್ರಾರ್ಥನೆ ಮುದ್ರಿಸಿಬಿಟ್ಟಿದ್ದೇನೆ.

ಮದುವೆಯಾದ ನಾಲ್ಕನೇ ವರ್ಷ ಅತ್ತೆಯ ಕಣ್ಣು ಹೋಯಿತು. ಹಾಸಿಗೆ ಹಿಡಿದರು. ದಿನಾ ಬೆಳಿಗ್ಗೆ ಅವರಿಗೆ ಪ್ರಾರ್ಥನೆ ಪುಸ್ತಕ ಓದಿ ಹೇಳಬೇಕಿತ್ತು. ನಾನು ಕೆಲಸಕ್ಕೆ ಹೋದ ಮೇಲೆ ಓದುವವರು ಯಾರು? "ನೀನು ಓದಿದ್ದನ್ನೇ ಆ ಡಬ್ಬಿಯೊಳಗೆ ತುಂಬಿಸಿಡು, ನಾನೇ ಗುಂಡಿ ಒತ್ತಿಕೊಂಡು ಕೇಳ್ತೀನಿ" ಅಂದರು. ಮನೆಯಲ್ಲಿ ಬೇರೆ ಕ್ಯಾಸೆಟ್ ಇರಲಿಲ್ಲ. ಅಳಿಸಬಾರದು ಅಂತ ನಿನ್ನ ಅಣ್ಣ ಕ್ಯಾಸೆಟ್ಟಿನ ಅಂಚಿನಲ್ಲಿ ಮುರಿದಿದ್ದ ಆ ಚಿಕ್ಕ ಕಿಂಡಿಗೆ ಕಾಗದದ ಉಂಡೆ ತುರುಕಿ ನಾನು ಓದುತ್ತಾ ಕೂತೆ. ಮೂರು ಹಾಡು ಹೋದವು. ಒಂದು ಉಳಿದಿದೆ. ನನ್ನ ಪ್ರಾರ್ಥನೆ ಇಪ್ಪತ್ತಾರು ನಿಮಿಷಕ್ಕೆ ಮುಗಿಯುತ್ತದೆ, 'ಎಲ್ಲರಿಗೂ ಒಳಿತಾಗಲಿ' ಅನ್ನುತ್ತೇನೆ, ಕಟ್ ಅಂತ ಒಂದು ಸದ್ದು, ಆಮೇಲೆ ನಿನ್ನ ಅಣ್ಣ ಹಾಡುತ್ತಾರೆ. ನಾಲ್ಕು ನಿಮಿಷ.

ಅತ್ತೆ ತೀರಿಕೊಂಡು ಹದಿನೆಂಟು ವರ್ಷವಾಯಿತು. ನಾನು ಮಾತ್ರ ಪ್ರತಿ ಸೋಮವಾರ ಆ ಕ್ಯಾಸೆಟ್ ಹಾಕುವುದನ್ನು ಬಿಟ್ಟಿಲ್ಲ. ಬೀದಿಯವರು ನನ್ನ ಭಕ್ತಿಗೆ ಕೈಮುಗಿಯುತ್ತಾರೆ. ನಮ್ಮನೆಯವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವರು, ವಾರಕ್ಕೆ ಎರಡು ದಿನ ಮನೆಗೆ ಬಂದರೆ ಹೆಚ್ಚು, ಬಂದರೂ ನಿದ್ದೆಯ ಬಾಕಿ ತೀರಿಸುವುದರಲ್ಲೇ ಮುಗಿಯುತ್ತದೆ. ಒಂದು ಸೋಮವಾರ ಮಲಗಿದ್ದಲ್ಲಿಂದಲೇ ಅಂದರು, "ಬೇರೆ ಏನಾದ್ರೂ ಹಾಕೇ. ದೇವರಿಗೂ ಬಾಯಿಪಾಠ ಆಗಿ ಬೇಜಾರಾಗಿರುತ್ತೆ." ಪ್ರಾರ್ಥನೆ ಮುಗಿದು ಹಾಡು ಶುರುವಾಯಿತು.

"ಇದ್ಯಾರು ಕೊನೇಲಿ?"

"ಹಳೇದು. ಅಳಿಸದೆ ಉಳಿದಿರೋದು."

"ಚೆನ್ನಾಗಿ ಹಾಡ್ತಾನೆ" ಅಂದು ಆಚೆ ಮಗ್ಗುಲಿಗೆ ತಿರುಗಿದರು. ಒಳ್ಳೆಯವರು. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಕೈ ಎತ್ತಿದವರಲ್ಲ, ಮಕ್ಕಳಾಗಲಿಲ್ಲ ಅಂತ ಒಂದು ಮಾತು ಆಡಿದವರಲ್ಲ. ಇನ್ನೂ ಏನಾದರೂ ಕೇಳುತ್ತಾರೇನೋ ಅಂತ ನಾನು ಅಲ್ಲೇ ನಿಂತಿದ್ದೆ. ಗೊರಕೆ ಕೇಳಿಸಿತು.

ದೇವರ ಮೇಲೆ ನನಗೆ ನಂಬಿಕೆ ಇಲ್ಲವೆಂದಲ್ಲ, ತಪ್ಪು ತಿಳಿಯಬೇಡ. ಪ್ರಾರ್ಥನೆಯ ಒಂದೊಂದು ಸಾಲನ್ನೂ ಮನಸ್ಸಿಟ್ಟು ಕೇಳುತ್ತೇನೆ. ಆದರೆ ಕೊನೆಯ ಸಾಲು ಬರುವಾಗ ಎದೆ ಬಡಿದುಕೊಳ್ಳುತ್ತದಲ್ಲ, ಅದು ದೇವರಿಗಾಗಿ ಅಲ್ಲ ಅಂತ ದೇವರಿಗೂ ಗೊತ್ತು. ಇಬ್ಬರೂ ಸುಮ್ಮನಿದ್ದೇವೆ.

ಹೊತ್ತಾಯಿತು, ಪಾಳಿಗೆ ಹೊರಟೆ.

ಬುಧವಾರ, ಸಂಜೆ

ಎರಡು ದಿನ ಪತ್ರವನ್ನು ಹಾಗೇ ಮಡಿಸಿಟ್ಟಿದ್ದೆ. ಇವತ್ತು ಲಾಂಡ್ರಿಯಿಂದ ಬಂದವಳೇ ಡಬ್ಬಿ ಕಟ್ಟಿದೆ. ಕ್ಯಾಸೆಟ್ ಒಳಗಿದೆ, ಅದನ್ನು ಹಾಕುವ ಯಂತ್ರವೂ ಇದೆ. ನಿಮ್ಮ ಮನೆಯಲ್ಲಿ ಈಗ ಇಂಥದ್ದು ಯಾರ ಹತ್ತಿರ ಇರುತ್ತದೆ? ಟವೆಲು ಸುತ್ತಿ ಇಟ್ಟಿದ್ದೇನೆ, ಟವೆಲು ನೀನೇ ಇಟ್ಟುಕೋ. ಮುಂದಕ್ಕೆ ಓಡಿಸುವ ಗುಂಡಿ ಮುರಿದುಹೋಗಿದೆ. ಅದನ್ನು ಒತ್ತಲು ಹೋಗಬೇಡಿ, ಟೇಪು ಸಿಕ್ಕಿಕೊಳ್ಳುತ್ತದೆ. ನನ್ನ ಓದು ಮುಗಿಯುವವರೆಗೆ ಕಾಯಲೇಬೇಕು, ಬೇರೆ ದಾರಿ ಇಲ್ಲ. ನನ್ನ ದನಿ ಕೇಳಿ 'ಇದ್ಯಾರ ಪುರಾಣ' ಅಂತ ನಿನ್ನ ಅಣ್ಣನ ಮಗಳು ನಕ್ಕರೆ ನಗಲಿ. ಅವಳನ್ನು ಎದ್ದುಹೋಗಲು ಬಿಡಬೇಡ. ಆ ನಾಲ್ಕು ನಿಮಿಷದಲ್ಲಿ ಅವಳಪ್ಪ ಎರಡು ಕಡೆ ಶ್ರುತಿ ತಪ್ಪುತ್ತಾರೆ, ಒಂದು ಕಡೆ ತಾವೇ ನಗುತ್ತಾರೆ. ಉಳಿದದ್ದೆಲ್ಲ ನಾನು ಹೇಳುವುದಕ್ಕಿಂತ ಅವಳು ಕೇಳುವುದೇ ಮೇಲು.

ಇದನ್ನು ತಿರುಗಿ ಕಳಿಸಬೇಡ. ಸೋಮವಾರ ನಾನು ಪುಸ್ತಕ ನೋಡಿಯೇ ಓದಿಕೊಳ್ಳುತ್ತೇನೆ, ಕನ್ನಡಕ ಬದಲಿಸಿದ್ದೇನೆ.

ನಿನ್ನ ಮೊಮ್ಮಗನಿಗೆ ಹಲ್ಲು ಬಂತಾ? ನಿನ್ನ ಮಂಡಿ ನೋವಿಗೆ ಬಿಸಿ ಉಪ್ಪಿನ ಶಾಖ ಕೊಡುವುದು ಬಿಡಬೇಡ. ನೀರಿನಲ್ಲಿ ಮೀನಿನ ಹಾಗಿದ್ದವಳು ಈಗ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತೀ ಅಂದರೆ ನಗು ಬರುತ್ತದೆ, ಜೊತೆಗೆ ಕಣ್ಣೂ ತುಂಬುತ್ತದೆ. ನಿನ್ನ ಅಣ್ಣನ ಗಾಯ ಬೇಗ ಮಾಯಲಿ. ಆ ಹುಡುಗಿಯ ಬಾಳು ಹಸನಾಗಲಿ. ನಿಮ್ಮ ಮನೆಯ ಬಾಗಿಲಿಗೆ ಕೆಟ್ಟ ಸುದ್ದಿ ಇನ್ನು ಬರದಿರಲಿ ಅಂತ ದಿನಾ ಕೇಳಿಕೊಳ್ಳುತ್ತೇನೆ. ನನ್ನ ಮಾತು ಅಲ್ಲಿ ಎಷ್ಟು ನಡೆಯುತ್ತದೋ ಗೊತ್ತಿಲ್ಲ, ಕೇಳುವುದನ್ನಂತೂ ಬಿಟ್ಟಿಲ್ಲ.

ಇತಿ ನಿನ್ನ
ಕೀಲಿಕೈ

ಮತ್ತೆ ಒಂದು ಮಾತು: ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ.

ಕಪ್ಪೆಮರಿ, ಮನೆಯಲ್ಲಿ ಬೇರೆ ಕ್ಯಾಸೆಟ್ ಇರಲಿಲ್ಲ ಅಂತ ಮೇಲೆ ಬರೆದಿದ್ದೇನೆ. ಬೀದಿಯ ತುದಿಯಲ್ಲೇ ಅಂಗಡಿ ಇತ್ತು. ಹೋಗಲಿಲ್ಲ. ಆ ಕ್ಯಾಸೆಟ್ ನಿನ್ನ ಅಣ್ಣ ನನಗೆ ಕೊಟ್ಟದ್ದಲ್ಲ. ನೀನು ಹಾಗೆ ತಿಳಿದುಕೊಂಡೆ, ನಾನು ಅಲ್ಲ ಅನ್ನಲಿಲ್ಲ.

ಕೊನೆಯ ಬೇಸಿಗೆಯಲ್ಲಿ ಒಂದು ಸಂಜೆ, ಕೊಳ ಮುಚ್ಚುವ ಹೊತ್ತು. ಹಲಗೆಗೆ ಬೀಗದ ಕೈಗಳನ್ನು ನೇತುಹಾಕುತ್ತಿದ್ದೆ. ಅವರು ಬಂದು ಕ್ಯಾಸೆಟ್ ಕೈಗಿಟ್ಟರು. "ಟಿಕೆಟ್ ಕೊಡೋ ಹುಡುಗಿಗೆ ಕೊಟ್ಬಿಡಿ. ಯಾರಿಗೂ ಹೇಳ್ಬೇಡಿ. ನೀವಾದ್ರೆ ನಂಬಬಹುದು" ಅಂದರು.

ಒಂದು ಸಲ ಕೇಳಿ ಬೆಳಿಗ್ಗೆ ಕೊಡೋಣ ಅಂತ ಚಿಕ್ಕಮ್ಮನ ಮನೆಗೆ ಒಯ್ದೆ. ಮೊದಲ ಹಾಡಿಗಿಂತ ಮೊದಲು ಅವರು ಮಾತಾಡಿದ್ದರು. ಅತ್ತೆಗೆ ಪ್ರಾರ್ಥನೆ ಓದುವ ನೆಪದಲ್ಲಿ ನಾನು ಅಳಿಸಿದ್ದು ಆ ಮಾತನ್ನು. ಹಾಡುಗಳು ಅದರ ಹಿಂದೆ ಹೋದವು. ಮಾತು ಅಳಿಸಿದರೆ ಉಳಿದ ಹಾಡು ನನಗೇ ಹಾಡಿದ್ದಾಗುತ್ತದೆ ಅಂದುಕೊಂಡಿದ್ದೆ. ಅದಕ್ಕೇ ಕೊನೆಯದನ್ನು ಬೇಕೆಂದೇ ಬಿಟ್ಟೆ. ಪ್ರಾರ್ಥನೆ ಪುಸ್ತಕದಲ್ಲಿ ಇನ್ನೂ ಆರು ಪುಟ ಬಾಕಿ ಇದ್ದವು. ಮೂವತ್ತು ವರ್ಷವಾದರೂ ಆ ಮಾತು ಒಂದಕ್ಷರ ಮರೆತಿಲ್ಲ. ಬರೆಯುತ್ತೇನೆ:

"ನೀವು ದಿನಾ ಟಿಕೆಟ್ ಹರಿದು ಕೊಡುವಾಗ ನನ್ನ ಮುಖ ನೋಡಲ್ಲ. ಅದಕ್ಕೇ ಹಾಡ್ತಿದೀನಿ. ಇಷ್ಟವಾದ್ರೆ ನಾಳೆ ಟಿಕೆಟ್ ಕೊಡುವಾಗ ಒಂದ್ಸಲ ತಲೆ ಎತ್ತಿ ನೋಡಿ. ಆಗ್ಲಿಲ್ಲ ಅಂದ್ರೆ ಎಂದಿನ ಹಾಗೆ ಹರಿದು ಕೊಡಿ. ನಾನು ಇನ್ಯಾವತ್ತೂ ತೊಂದರೆ ಕೊಡಲ್ಲ."

ಮಾರನೆಯ ಬೆಳಿಗ್ಗೆ ಕ್ಯಾಸೆಟ್ ನನ್ನ ಚೀಲದಲ್ಲೇ ಇತ್ತು. ಈಜುವುದಾದರೆ ಕೆಲಸದವರೂ ಟಿಕೆಟ್ ತೆಗೆಯಬೇಕಿತ್ತಲ್ಲ, ಅವರು ತಲೆ ಬಾಚಿಕೊಂಡು ಗೂಡಿನ ಮುಂದೆ ಹೋಗಿ ನಿಂತರು. ನಾನು ಕುರ್ಚಿಯಿಂದಲೇ ನೋಡುತ್ತಿದ್ದೆ. ಆ ಹುಡುಗಿ ಎಂದಿನ ಹಾಗೆ ಪುಸ್ತಕ ನೋಡುತ್ತಲೇ ಟಿಕೆಟ್ ಹರಿದು ಕೊಟ್ಟಳು. ಅವರು ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಈಜದೆಯೇ ಮಹಡಿ ಹತ್ತಿಹೋದರು. ಆವತ್ತು ಧ್ವನಿವರ್ಧಕದಲ್ಲಿ ಒಂದು ಹಾಡೂ ಬರಲಿಲ್ಲ. ಮಕ್ಕಳೆಲ್ಲ ಮೇಲೆ ನೋಡಿ 'ಅಣ್ಣಾ, ಹಾಡು' ಅಂತ ಕೂಗಿದರು. ನಾಳೆ ಕೊಡುತ್ತೇನೆ ಅಂದುಕೊಂಡೆ. ನಾಡಿದ್ದು ಅಂದುಕೊಂಡೆ. ಎರಡೇ ವಾರ, ಅವಳ ತಂದೆಗೆ ಬೇರೆ ಊರಿಗೆ ವರ್ಗವಾಯಿತು. 'ಕೊಟ್ರಾ?' ಅಂತ ಅವರು ಒಮ್ಮೆ ಕೇಳಿದ್ದರು. 'ಕೊಟ್ಟೆ' ಅಂದಿದ್ದೆ.

ಅವರು ಗಿಟಾರ್ ಬಿಟ್ಟದ್ದು ಯಾಕೆ ಅಂತ ನೀನು ಕೇಳಿದ್ದೆಯಲ್ಲ.

ಕ್ಯಾಸೆಟ್ ಕಂಡ ಕೂಡಲೇ ಅವರಿಗೆ ಎಲ್ಲ ತಿಳಿಯುತ್ತದೆ. ಅದಕ್ಕಿಂತ ಮೊದಲು ಈ ಹಾಳೆಯನ್ನು ಅವರ ಕೈಗೆ ಕೊಡು. ಆ ಹುಡುಗಿ ಬೇಡ ಅನ್ನಲಿಲ್ಲ ಅಂತ ಹೇಳು. ಅವಳಿಗೆ ಗೊತ್ತೇ ಇರಲಿಲ್ಲ. ಈಗ ಅದರಿಂದ ಏನೂ ಆಗಬೇಕಾಗಿಲ್ಲ, ಅವರಿಗೆ ಹೆಂಡತಿ ಇದ್ದಾರೆ, ಮಗಳಿದ್ದಾಳೆ. ಆದರೂ ತಿಳಿದಿರಲಿ.

ಲಾಂಡ್ರಿಯ ವ್ಯಾನು ಪ್ರತಿ ಗುರುವಾರ ನಿಮ್ಮೂರಿನ ಆಸ್ಪತ್ರೆಗೆ ಚಾದರ ತರುತ್ತದೆ. ಈ ಡಬ್ಬಿಯನ್ನೂ ಅದರ ಡ್ರೈವರೇ ನಿನಗೆ ತಲುಪಿಸುತ್ತಾರೆ. ಮುಂದಿನ ಗುರುವಾರ ಮತ್ತೆ ಬರುತ್ತಾರೆ, ಆಸ್ಪತ್ರೆಯ ಹಿಂಬಾಗಿಲಲ್ಲಿ ಹನ್ನೊಂದರವರೆಗೆ ನಿಂತಿರುತ್ತಾರೆ. ನಿನ್ನ ಅಣ್ಣ ಸ್ಲೇಟಿನಲ್ಲಿ ಬರೆದು ಅಳಿಸಿಬಿಟ್ಟರೆ ನನಗೆ ತಿಳಿಯುವುದಿಲ್ಲ. ಕಾಗದದ ಮೇಲೆ ಬರೆಯಲು ಹೇಳು, ಬೈದು ಬರೆದರೂ ಸರಿ. ಬರೆಯದಿದ್ದರೆ ಬರಿಯ ಕಾಗದವನ್ನೇ ಮಡಿಸಿ ಕೊಡು. ಏನಿದ್ದರೂ ಇಸಿದುಕೊಂಡು ಬನ್ನಿ ಅಂತ ಡ್ರೈವರಿಗೆ ಹೇಳಿದ್ದೇನೆ.